ವಜ್ರ ತಗೊಂಡಿಟ್ರೆ ಕಷ್ಟಕಾಲಕ್ಕೆ ಆಗುತ್ತಾ? ಕೈಲಿ 6 ಲಕ್ಷ ಇದೆ, ಬೈಬೇಡಿ

ಹೊಸಕೆರೆಹಳ್ಳಿ_ಹುಡ್ಗ

ನಮಸ್ಕಾರ ಎಲ್ರಿಗೂ, ಬಹಳ ದಿನದಿಂದ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಬರೀತಿರೋದು ಇದೇ ಮೊದ್ಲು. ನಮ್ಮ ಕಂಪನೀಲಿ ಎರಡು ರೌಂಡ್ ಲೇಆಫ್ ಆಯ್ತು, ನನ್ನ ಟೀಮಲ್ಲೇ ನಾಲ್ಕು ಜನ ಹೋದ್ರು, ನಾನು ಸದ್ಯಕ್ಕೆ ಉಳ್ಕೊಂಡಿದೀನಿ ಆದ್ರೆ ರಾತ್ರಿ ನಿದ್ದೆ ಬರಲ್ಲ. ಒಂದು ಆರ್‌ಡಿ ಮೆಚೂರ್ ಆಗಿ 6 ಲಕ್ಷ ಬಂದಿದೆ. ಶೇರು ಅಂದ್ರೆ ಹೆಂಡ್ತಿ ಮುಖ ತಿರುಗಿಸ್ತಾಳೆ, ಚಿನ್ನ 10 ಗ್ರಾಂಗೆ ಲಕ್ಷ ದಾಟಿ ಎಲ್ಲೋ ಹೋಗಿ ಕೂತಿದೆ, ಈಗ ತಗೊಂಡು ಮಾರನೇ ದಿನ ಬಿದ್ರೆ ಅಂತ ಭಯ.

ಹೋದ ವಾರ ನಾದಿನಿ ಮದ್ವೆಗೆ ಸರ ನೋಡೋಕೆ ಅಂತ ಹೋಗಿದ್ವಿ, ಅಲ್ಲಿ ಸೇಲ್ಸ್ ಹುಡ್ಗ ಕಾಫಿ ಕೊಟ್ಟು ಕೂರಿಸ್ಕೊಂಡು "ಸರ್ ಎಲ್ರೂ ಚಿನ್ನದ ಹಿಂದೆ ಓಡ್ತಿದಾರೆ, ಡೈಮಂಡ್ ಬಿದ್ದಿದೆ, ಬಿದ್ದಾಗ ತಗೊಂಡೋನೇ ಜಾಣ" ಅಂದ. ಒಂದು ಕ್ಯಾರೆಟ್ ಕಲ್ಲು, ಒರಿಜಿನಲ್ ಗಣಿದು, ಜಿಐಎ (ವಜ್ರ ಪರೀಕ್ಷೆ ಮಾಡೋ ಅಮೆರಿಕಾದ ಸಂಸ್ಥೆ) ಸರ್ಟಿಫಿಕೇಟ್ ಇದೆ, ಕಲ್ಲಿಗೆ 5 ಲಕ್ಷ 60 ಸಾವಿರ, ಉಂಗುರ ಬೇರೆ. ಲೈಟ್ ಕೆಳಗೆ ಇಟ್ಟಾಗ ಹೆಂಡ್ತಿ ಕಣ್ಣು ನೋಡ್ಬೇಕಿತ್ತು ನೀವು. ನಂಗೂ ಅನ್ನಿಸ್ತು ಇಷ್ಟೇ ಇಷ್ಟು ಇರುತ್ತೆ, ಬ್ಯಾಂಕು ಮುಳುಗ್ಲಿ ಶೇರು ಬೀಳ್ಲಿ ಕೈಲಿ ಹಿಡ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗ್ಬೋದಲ್ಲ ಅಂತ. ತಿಳಿದೋರು ಹೇಳಿ, ತಗೊಳ್ಲಾ ಬೇಡ್ವಾ?

ಕೆಂಗೇರಿ_ಕಿಟ್ಟಿ

ಬೇಡ.

ಕೆಂಗೇರಿ_ಕಿಟ್ಟಿ

ಸರಿ ಒಂದು ಸಾಲು ಜಾಸ್ತಿ ಬರೀತೀನಿ. ಕೆಲ್ಸ ಹೋಗ್ಬೋದು ಅನ್ನೋ ಭಯ ಇರೋನಿಗೆ ಬೇಕಾಗಿರೋದು ಆರು ತಿಂಗಳ ಇಎಂಐ, ಬಾಡಿಗೆ, ಸ್ಕೂಲ್ ಫೀಸು. ಅದು ಎಫ್‌ಡಿಲಿ ಇರ್ಬೇಕು, ಹೆಂಡ್ತಿ ಬೆರಳಲ್ಲಿ ಅಲ್ಲ.

ಉಂಗುರ_ಸಂತ್ರಸ್ತ

ಗುರು ನನ್ನ ಕತೆ ಕೇಳು, ಆಮೇಲೆ ನಿನ್ನಿಷ್ಟ.

2016ರಲ್ಲಿ ಎಂಗೇಜ್‌ಮೆಂಟ್‌ಗೆ ಅಂತ 70 ಸೆಂಟ್ ಕಲ್ಲಿನ ಉಂಗುರ ತಗೊಂಡೆ. ಎಫ್ ಕಲರ್, ವಿಎಸ್1 ಕ್ಲಾರಿಟಿ, ಅಂದ್ರೆ ಒಳ್ಳೇ ಗ್ರೇಡು, ಸರ್ಟಿಫಿಕೇಟ್ ಎಲ್ಲ ಪಕ್ಕಾ. ಕಲ್ಲಿಗೇ 3 ಲಕ್ಷ 40 ಸಾವಿರ. ಮನೇಲಿ ಅಪ್ಪ ಬೈದಾಗ ನಾನೇ ದೊಡ್ಡದಾಗಿ ಹೇಳಿದ್ದೆ, ಇದು ಖರ್ಚಲ್ಲ ಅಪ್ಪಾಜಿ ಇನ್ವೆಸ್ಟ್‌ಮೆಂಟು ಅಂತ. ಆ ಮಾತು ಈಗ್ಲೂ ಹಬ್ಬ ಹರಿದಿನದಲ್ಲಿ ಎಲ್ರೂ ಕೂತಾಗ ಅಪ್ಪ ಎತ್ತುತ್ತಾರೆ.

2024ರಲ್ಲಿ ಸೈಟ್ ರಿಜಿಸ್ಟ್ರೇಷನ್‌ಗೆ ಸ್ವಲ್ಪ ದುಡ್ಡು ಕಮ್ಮಿ ಬಿತ್ತು, ಹೆಂಡ್ತಿನೇ ಹೇಳಿದ್ಲು ಕೊಟ್ಬಿಡಿ ಅಂತ. ತಗೊಂಡ ಅಂಗಡಿ ಆ ಬ್ರಾಂಚ್ ಮುಚ್ಚಿತ್ತು, ಇನ್ನೊಂದು ಬ್ರಾಂಚ್‌ಗೆ ಹೋದ್ರೆ ಕ್ಯಾಶ್ ಕೊಡಲ್ಲ ಬೇರೆ ಒಡವೆ ತಗೊಳ್ಳಿ ಅಂದ್ರು. ಇನ್ನೆರಡು ದೊಡ್ಡ ಅಂಗಡೀಲಿ "ಹೊರಗಡೆ ಕಲ್ಲು ತಗೊಳಲ್ಲ ಸರ್". ನಾಲ್ಕನೇದು ಅವೆನ್ಯೂ ರೋಡ್ ಹಿಂದೆ ಒಂದು ಮೆಟ್ಟಿಲು ಹತ್ತಿ ಹೋಗೋ ರೂಮು, ಅಲ್ಲಿ ಒಬ್ರು ವಯಸ್ಸಾದೋರು ಕನ್ನಡಕ ಹಣೆ ಮೇಲಿಟ್ಕೊಂಡು ಭೂತಗನ್ನಡಿ ಹಾಕಿ ನೋಡಿದ್ರು, ಬಿಳಿ ಪೇಪರ್ ಮೇಲೆ ಕಲ್ಲು ಕವುಚಿ ಹಾಕಿ ನೋಡಿದ್ರು, ಕಲ್ಲು ಚೆನ್ನಾಗಿದೆ ಅಂದ್ರು. ನನ್ನ ಎದೆ ಉಬ್ಬಿತು. ಆಮೇಲೆ ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿ ತೋರಿಸಿದ್ರು. 1,15,000.

ನಾನು ಸುಮ್ನೆ ಕೂತಿದ್ದು ನೋಡಿ ಅವ್ರೇ ಹೇಳಿದ್ರು, "ಉಂಗುರದ ಬಂಗಾರ ನಾಲ್ಕು ಗ್ರಾಂ ಇದೆಯಲ್ಲಪ್ಪ, ಅದಕ್ಕೆ ಇವತ್ತಿನ ರೇಟ್ ಪೂರ್ತಿ ಕೊಡ್ತೀನಿ." ಆ ನಾಲ್ಕು ಗ್ರಾಂ 2016ರಲ್ಲಿ ತಗೊಂಡಿದ್ದಕ್ಕಿಂತ ಡಬಲ್ ಮೇಲೆ ಆಗಿತ್ತು! ಮೂರು ಲಕ್ಷದ ಕಲ್ಲನ್ನ ಹಿಡ್ಕೊಂಡು ನಿಂತಿದ್ದ ಕಡ್ಡಿ ಲಾಭದಲ್ಲಿ, ಕಲ್ಲು ಲಾಸಲ್ಲಿ. 2016ರಲ್ಲಿ 10 ಗ್ರಾಂ 28-29 ಸಾವಿರ ಇತ್ತು, ಅದೇ ದುಡ್ಡಿಗೆ 115 ಗ್ರಾಂ ಮೇಲೆ ಬರ್ತಿತ್ತು. ಲೆಕ್ಕ ನೀನೇ ಹಾಕ್ಕೋ.

ಮಾರ್ಲಿಲ್ಲ. ಹೆಂಡ್ತಿ ಹಾಕ್ಕೊಂಡಿದಾಳೆ, ಚೆನ್ನಾಗಿ ಕಾಣುತ್ತೆ.

ಹೊಸಕೆರೆಹಳ್ಳಿ_ಹುಡ್ಗ

ಅಯ್ಯೋ ದೇವ್ರೇ. ಆದ್ರೆ ಸರ್ಟಿಫಿಕೇಟ್ ಇದ್ರೂ ಯಾಕೆ ಹಂಗೆ? ಚಿನ್ನಕ್ಕೆ ಹಾಲ್‌ಮಾರ್ಕ್ ಇದ್ದಂಗೆ ಅಲ್ವಾ ಅದು?

ನಗರ್ತಪೇಟೆ_ಕಸಬು

ಇಲ್ಲ ಅಣ್ಣ, ಇಲ್ಲೇ ಎಲ್ರೂ ಎಡವೋದು. ನಾನು ಕಲ್ಲು ಕೂರಿಸೋ ಕೆಲಸದೋನು, 22 ವರ್ಷ ಆಯ್ತು, ಅಪ್ಪಂದೂ ಇದೇ ಕಸಬು. ಅಂಗಡಿ ಇಟ್ಟಿಲ್ಲ ಅದಕ್ಕೆ ಯಾರ್ ಭಯಾನೂ ಇಲ್ದೆ ಹೇಳ್ತೀನಿ.

ಚಿನ್ನ ಕರಗಿಸಿದ್ರೆ ಚಿನ್ನ. ನಿಮ್ಮದು ನಮ್ಮದು ಎಲ್ಲ ಸೇರಿ ಒಂದೇ ಗಟ್ಟಿ, ಹಂಗಾಗಿ ಬೆಳಗ್ಗೆ ಪೇಪರಲ್ಲಿ ಒಂದು ರೇಟ್ ಬರುತ್ತೆ, ಹೊಸಪೇಟೇಲಿ ಮಾರಿ ಹೊಸೂರಲ್ಲಿ ಮಾರಿ ಐದು ಹತ್ತು ರೂಪಾಯಿ ಆಚೆ ಈಚೆ. ವಜ್ರ ಒಂದಿದ್ದಂಗೆ ಇನ್ನೊಂದು ಇರಲ್ಲ. ಕಲರ್ ಡಿ ಇಂದ ಜೆಡ್ ತನಕ (ಡಿ ಅಂದ್ರೆ ಬಣ್ಣಾನೇ ಇಲ್ಲದ್ದು), ಕ್ಲಾರಿಟಿ ಹನ್ನೊಂದು ತರ, ಕಟ್ ಬೇರೆ, ತೂಕ ಬೇರೆ, ಯುವಿ ಲೈಟ್ ಕೆಳಗೆ ನೀಲಿ ಹೊಡಿಯುತ್ತಾ ಇಲ್ವಾ ಅದು ಬೇರೆ. 100 ಸೆಂಟ್ ಒಂದು ಕ್ಯಾರೆಟ್, ಒಂದು ಕ್ಯಾರೆಟ್ ಅಂದ್ರೆ ಗ್ರಾಂನ ಐದನೇ ಒಂದು ಭಾಗ ಅಷ್ಟೇ. ಅದ್ರಲ್ಲಿ 50 ಸೆಂಟ್ ಕಲ್ಲು ಎರಡು ಸೇರಿದ್ರೆ ಒಂದು ಕ್ಯಾರೆಟ್ ಕಲ್ಲಿನ ಬೆಲೆ ಬರಲ್ಲ, ಅರ್ಧಾನೂ ಬರಲ್ಲ ಎಷ್ಟೋ ಸಲ. 99 ಸೆಂಟ್ ಇರೋದಕ್ಕೂ 1 ಕ್ಯಾರೆಟ್ ಇರೋದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣಲ್ಲ, ಬೆಲೇಲಿ ಕಾಣುತ್ತೆ.

ಸರ್ಟಿಫಿಕೇಟ್ ಹೇಳೋದು ಈ ಕಲ್ಲು ಇಂಥದ್ದು ಅಂತ. ಇಷ್ಟು ಬೆಲೆ ಅಂತ ಅದ್ರಲ್ಲಿ ಎಲ್ಲೂ ಬರ್ದಿರಲ್ಲ, ತೆಗೆದು ನೋಡಿ ಬೇಕಾದ್ರೆ. ಬೆಲೆಗೆ ವ್ಯಾಪಾರಸ್ಥರು ನೋಡೋದು ರಾಪಾಪೋರ್ಟ್ ಲಿಸ್ಟ್, ಬಾಯಿಮಾತಲ್ಲಿ ರಾಪ್ ಅಂತೀವಿ, ಪ್ರತಿ ವಾರ ಬರುತ್ತೆ. ಅದೂ ಫೈನಲ್ ರೇಟ್ ಅಲ್ಲ, ರಾಪ್‌ಗೆ 30 ಬ್ಯಾಕ್, 40 ಬ್ಯಾಕ್, ಅಂದ್ರೆ ಲಿಸ್ಟ್ ರೇಟಿಗಿಂತ ಅಷ್ಟು ಪರ್ಸೆಂಟ್ ಕಮ್ಮಿ ಅಂತ ಮಾತಾಡ್ಕೊಂಡು ಕೊಡ್ತಾರೆ ತಗೋತಾರೆ. ನಿಮಗೆ ಅಂಗಡೀಲಿ ಹೇಳೋ ಬೆಲೆ ರಾಪ್ ಮೇಲೆ ಎಸಿ, ಜಾಹೀರಾತು, ಹೀರೋಯಿನ್ ಫೋಟೋ, ನಿಮಗೆ ಕೊಟ್ಟ ಕಾಫಿ ಎಲ್ಲ ಸೇರಿಸಿ. ನೀವು ಮಾರೋಕೆ ಹೋದಾಗ ಅವ್ನು ಕೇಳೋದು ರಾಪ್‌ಗೆ ಎಷ್ಟು ಬ್ಯಾಕ್ ಕೊಡ್ತೀಯ ಅಂತ, ಯಾಕಂದ್ರೆ ಅದೇ ಕಲ್ಲು ಅವನಿಗೆ ಮುಂಬೈಯಿಂದ ಸಾಲದ ಮೇಲೆ ಬರುತ್ತೆ, ಮಾರಿದ ಮೇಲೆ ದುಡ್ಡು ಕೊಟ್ರೆ ಸಾಕು. ನಿಮಗೆ ಯಾಕೆ ಇವತ್ತೇ ಕ್ಯಾಶ್ ಕೊಡ್ತಾನೆ ಹೇಳಿ.

ಡೆನ್ವರ್_ದೇವನಹಳ್ಳಿ

ಎಲ್ರೂ ಒಂದೇ ರಾಗ ಹಾಡ್ತಿದೀರ, ಸ್ವಲ್ಪ ಈ ಕಡೆದೂ ಹೇಳ್ಬೇಕಲ್ಲ. ಪ್ರಪಂಚದಲ್ಲಿ ಯುದ್ಧ ಆದಾಗೆಲ್ಲ ಜನ ಉಟ್ಟ ಬಟ್ಟೇಲಿ ಓಡಿಹೋಗುವಾಗ ಸೆರಗಿಗೆ ಹೊಲ್ಕೊಂಡು ಹೋಗಿದ್ದು ವಜ್ರಾನೇ, ಸೈಟ್ ಪತ್ರ ಅಲ್ಲ. ಗಣಿಗಳೂ ಖಾಲಿ ಆಗ್ತಿವೆ, ಆಸ್ಟ್ರೇಲಿಯಾದ ಆರ್ಗೈಲ್ ಗಣಿ 2020ರಲ್ಲಿ ಮುಚ್ಚಿತು, ಪ್ರಪಂಚದ ಗುಲಾಬಿ ವಜ್ರದಲ್ಲಿ 90 ಪರ್ಸೆಂಟ್ ಅಲ್ಲಿಂದ್ಲೇ ಬರ್ತಿತ್ತು, ಈಗ ಆ ಕಲ್ಲು ಇಟ್ಕೊಂಡಿರೋರು ರಾಜರು. ಸಪ್ಲೈ ಕಮ್ಮಿ ಆದ್ರೆ ಬೆಲೆ ಏರ್ಲೇಬೇಕು, ಇದು ಎಕನಾಮಿಕ್ಸ್.

ಕೆಂಗೇರಿ_ಕಿಟ್ಟಿ

ಸೆರಗಿಗೆ ಹೊಲ್ಕೊಂಡು ಹೋದೋರು ಆಚೆ ದಡದಲ್ಲಿ ಎಷ್ಟಕ್ಕೆ ಮಾರಿದ್ರು ಅಂತ ಯಾರೂ ಬರೆಯಲ್ಲ ನೋಡಿ. ಗಂಟಲು ಒಣಗಿದೋನ ಹತ್ರ ಯಾರೂ ಚೌಕಾಸಿಲಿ ಸೋಲಲ್ಲ.

ಗುಲಾಬಿ ಕಲ್ಲಿನ ಮಾತು ಬಿಡಿ ಸಾರ್, ಆ ಹುಡ್ಗನ ಹತ್ರ ಇರೋದು 6 ಲಕ್ಷ. ಅಂಗಡಿಯವ್ನು ತೋರ್ಸಿದ್ದು ಬಿಳಿ ಕಲ್ಲು, ಅಂಥದ್ದು ಪ್ರತಿ ಅಂಗಡೀಲೂ ಇದೆ. ಎಕನಾಮಿಕ್ಸ್ ಅಂದ್ರಲ್ಲ, 1970ರ ದಶಕದ ಕೊನೇಲಿ ಅಮೆರಿಕಾದಲ್ಲಿ ಹಿಂಗೇ ಹಣದುಬ್ಬರ ಏರಿದಾಗ ಜನ ಡಾಲರ್ ಮೇಲೆ ನಂಬಿಕೆ ಬಿಟ್ಟು ವಜ್ರದ ಹಿಂದೆ ಬಿದ್ರು. ಡಿ ಕಲರ್, ಒಂದು ಚೂರೂ ದೋಷ ಇಲ್ಲದ ಒಂದು ಕ್ಯಾರೆಟ್ ಕಲ್ಲು 1980ರಲ್ಲಿ 60 ಸಾವಿರ ಡಾಲರ್ ಆಸುಪಾಸು ಮುಟ್ಟಿತ್ತು. ಬಡ್ಡಿದರ ಏರಿದ್ದೇ ತಡ ಢಮಾರ್, ಕೆಲವೇ ವರ್ಷದಲ್ಲಿ ಮೂರನೇ ಒಂದು ಭಾಗಕ್ಕೆ ಬಂತು. 45 ವರ್ಷ ಆಯ್ತು, ಇವತ್ತೂ ಅಂಥ ಕಲ್ಲಿಗೆ ಆ ಬೆಲೆ ಬಂದಿಲ್ಲ. ಅದೇ 1980ರಲ್ಲಿ ಚಿನ್ನಾನೂ ಏರಿ ಬಿದ್ದಿತ್ತು, ಅದು ಎದ್ದು ಎಲ್ಲಿಗೆ ಹೋಯ್ತು ನೋಡ್ತಿದೀರಲ್ಲ.

ಡೆನ್ವರ್_ದೇವನಹಳ್ಳಿ

ಆಗ ಡಿ ಬೀರ್ಸ್ ಅನ್ನೋ ವಜ್ರದ ಗಣಿ ಕಂಪನಿ ಕೈಲಿ ಮಾರ್ಕೆಟ್ ಇತ್ತು, ಈಗ ಇಲ್ಲ, ಅದು ಬೇರೆ ಕಾಲ.

ಕೆಂಗೇರಿ_ಕಿಟ್ಟಿ

ಬೆಲೆ ಬೀಳದಂಗೆ ತಡೆ ಹಿಡಿಯೋನು ಇದ್ದಾಗ್ಲೇ ಆ ಗತಿ ಸ್ವಾಮಿ. ಈಗ ಅವ್ರ ಯಜಮಾನ ಕಂಪನಿ ಆಂಗ್ಲೋ ಅಮೆರಿಕನ್ನೇ 2024ರಲ್ಲಿ ಡಿ ಬೀರ್ಸ್‌ನ ಕೈಬಿಡ್ತೀವಿ ಅಂತ ಹೇಳಿಬಿಟ್ಟಿದೆ. ಗಣಿ ಇಟ್ಕೊಂಡಿರೋನೇ ಬೇಡ ಅಂತಿರುವಾಗ ನಾವು ಉಂಗುರ ಇಟ್ಕೊಂಡು ಕಾಯೋದಾ.

ಸೂರತ್_ಕನ್ನಡಿಗ

ನಾನು ಸೂರತ್‌ನಲ್ಲಿ ಇದೀನಿ, 9 ವರ್ಷ ಆಯ್ತು, ಒಂದು ವಜ್ರದ ಕಾರ್ಖಾನೇಲಿ ಅಕೌಂಟ್ಸ್ ನೋಡ್ಕೊತೀನಿ, ಊರು ದಾವಣಗೆರೆ ಹತ್ರ. ಪ್ರಪಂಚದ ಹತ್ತು ವಜ್ರದಲ್ಲಿ ಒಂಬತ್ತು ಇಲ್ಲೇ ಪಾಲಿಶ್ ಆಗೋದು ಅಂತ ಎಲ್ರೂ ಹೇಳ್ತಾರಲ್ಲ, ಅದು ನಿಜ. ಆದ್ರೆ ಇಲ್ಲಿ ಎರಡು ಮೂರು ವರ್ಷದಿಂದ ಏನಾಗ್ತಿದೆ ಅಂತ ಬೆಂಗಳೂರಿನ ಅಂಗಡೀಲಿ ಯಾರೂ ಹೇಳಲ್ಲ.

2022ರ ಶುರೂಲಿ ಬೆಲೆ ತುದೀಲಿತ್ತು, ಆಮೇಲಿಂದ ಇಳೀತಾನೇ ಇದೆ. ಚೀನಾದವ್ರು ತಗೊಳೋದು ನಿಲ್ಸಿದ್ರು, ಅಮೆರಿಕಾದ ಹುಡುಗ್ರು ಲ್ಯಾಬ್ ಕಲ್ಲಿಗೆ, ಅಂದ್ರೆ ಮಿಷನ್‌ನಲ್ಲಿ ಬೆಳೆಸಿದ ವಜ್ರಕ್ಕೆ ತಿರುಗಿದ್ರು. 2023 ಅಕ್ಟೋಬರ್ ಮಧ್ಯದಿಂದ ಎರಡು ತಿಂಗಳು ಇಲ್ಲಿನ ವ್ಯಾಪಾರಸ್ಥರ ಸಂಘಗಳೇ ಸೇರಿ ಕಚ್ಚಾ ವಜ್ರ ತರಿಸೋದು ನಿಲ್ಲಿಸಿದ್ವು, ಗೋಡೌನ್‌ನಲ್ಲಿ ಇರೋದೇ ಖರ್ಚಾಗ್ತಿರ್ಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಪ್ರಧಾನಿ ಬಂದು ಡೈಮಂಡ್ ಬೋರ್ಸ್ ಉದ್ಘಾಟನೆ ಮಾಡಿದ್ರು, ಅಷ್ಟು ದೊಡ್ಡ ಬಿಲ್ಡಿಂಗು, ಒಳಗೆ ಆಫೀಸುಗಳು ಖಾಲಿ ಖಾಲಿ. 2024 ಆಗಸ್ಟ್‌ನಲ್ಲಿ ಒಂದು ದೊಡ್ಡ ಕಂಪನಿ 50 ಸಾವಿರ ಕೆಲಸಗಾರರಿಗೆ ಹತ್ತು ದಿನ ರಜೆ ಕೊಟ್ಟು ಮನೇಲಿರಿ ಅಂತು. ಮೇಲಿಂದ 2025ರ ಆಗಸ್ಟ್‌ನಲ್ಲಿ ಅಮೆರಿಕಾ 50 ಪರ್ಸೆಂಟ್ ಸುಂಕ ಹಾಕ್ತು. ನಮ್ಮ ಗಲ್ಲೀಲಿ ಘಂಟಿ ತಿರುಗ್ಸೋ ಹುಡುಗ್ರು, ಘಂಟಿ ಅಂದ್ರೆ ಪಾಲಿಶ್ ಮಾಡೋ ಚಕ್ರ, ಎಷ್ಟೋ ಜನ ಈಗ ಡೆಲಿವರಿ ಬ್ಯಾಗ್ ಹಾಕ್ಕೊಂಡು ಓಡಾಡ್ತಿದಾರೆ.

ಇನ್ನೊಂದು. ಸಾಯಂಕಾಲ ಮಹಿಧರಪುರ ಬಜಾರ್‌ಗೆ ಬಂದ್ರೆ ರೋಡಲ್ಲೇ ಸ್ಕೂಟರ್ ಮೇಲೆ ಕೂತು ಪೇಪರ್ ಪೊಟ್ಟಣ ಬಿಚ್ಚಿ ಲಕ್ಷಾಂತರ ರೂಪಾಯಿ ಕಲ್ಲು ತೋರಿಸ್ತಾ ಇರ್ತಾರೆ. ಅಲ್ಲೇ ಹುಟ್ಟಿ ಬೆಳೆದೋರು, ಒಬ್ಬರಿಗೊಬ್ರು ಮುಖ ಪರಿಚಯ, ಬಾಯಿಮಾತಲ್ಲಿ ವ್ಯಾಪಾರ. ಅಂಥೋರೇ ಅದೇ ಕಲ್ಲು ಹಿಡ್ಕೊಂಡು ತಿಂಗಳುಗಟ್ಟಲೆ ಗಿರಾಕಿ ಹುಡುಕ್ತಿದಾರೆ. ಹೊಸಕೆರೆಹಳ್ಳಿಯಿಂದ ನೀವು ಒಂದು ಕಲ್ಲು ಹಿಡ್ಕೊಂಡು ಎಲ್ಲಿಗೆ ಹೋಗ್ತೀರ ಹೇಳಿ. "ಬಿದ್ದಿದೆ ಅದಕ್ಕೆ ತಗೊಳ್ಳಿ" ಅಂತ ಅವ್ನು ಹೇಳಿದ್ನಲ್ಲ, ಬಿದ್ದಿರೋದು ನಿಜ, ಎಲ್ಲಿಗೆ ನಿಲ್ಲುತ್ತೆ ಅಂತ ನಮ್ಮ ಸೇಠ್‌ಗೇ ಗೊತ್ತಿಲ್ಲ.

ಅರಸೀಕೆರೆ_ತೆಂಗು

ಲ್ಯಾಬ್ ಕಲ್ಲು ಅಂದ್ರಲ್ಲ, ಅದೇ ತಗೊಂಡ್ರೆ ಹೆಂಗೆ? ನಮ್ಮ ಆಫೀಸಲ್ಲಿ ಒಬ್ಳು ಒಂದು ಕ್ಯಾರೆಟ್ ಉಂಗುರ ಲಕ್ಷದ ಒಳಗೆ ತಗೊಂಡ್ಲು, ಪಳಪಳ ಅಂತಿದೆ.

ನಗರ್ತಪೇಟೆ_ಕಸಬು

ಹಾಕ್ಕೊಳೋಕೆ ಧಾರಾಳವಾಗಿ ತಗೊಳ್ಳಿ ಮೇಡಂ, ಅದೂ ವಜ್ರಾನೇ, ಗಾಜಲ್ಲ. ಸಿವಿಡಿ ಅಂತಾರೆ, ತೆಳ್ಳನೆ ವಜ್ರದ ಬಿಲ್ಲೆ ಮೇಲೆ ಗ್ಯಾಸಿಂದ ಪದರ ಪದರವಾಗಿ ಬೆಳೆಸ್ತಾರೆ. ನಮ್ಮ ಕೈಯಲ್ಲಿರೋ ಟೆಸ್ಟರ್ ಪೆನ್ನು ಇದ್ಯಲ್ಲ, ಮುಟ್ಟಿಸಿದ್ರೆ ಬೀಪ್ ಅನ್ನೋದು, ಅದು ಎರಡಕ್ಕೂ ಬೀಪ್ ಅನ್ನುತ್ತೆ. 22 ವರ್ಷದ ಅನುಭವ ಇರೋ ನನ್ನ ಕಣ್ಣಿಗೂ ಗೊತ್ತಾಗಲ್ಲ, ಅದಕ್ಕೆ ಬೇರೆ ಮಿಷನ್ನೇ ಬೇಕು. ಅದೇ ತಲೆನೋವು ಈಗ, ಹಳೇ ಕಲ್ಲು ತಂದ್ರೂ ಜನ ನಂಬಲ್ಲ, ಅನುಮಾನಕ್ಕೇ ಒಂದಿಷ್ಟು ಬೆಲೆ ಕಡಿತ.

ದುಡ್ಡು ಹಾಕೋಕೆ ಮಾತ್ರ ಬೇಡ್ವೇ ಬೇಡ. ಮಿಷನ್ ಇರೋವರೆಗೂ ಕಲ್ಲು ಬರುತ್ತೆ, ಇವತ್ತು 60 ಸಾವಿರಕ್ಕೆ ತಗೊಂಡಿದ್ದು ಮುಂದಿನ ಗೌರಿ ಹಬ್ಬಕ್ಕೆ 40ಕ್ಕೆ ಬೋರ್ಡ್ ಹಾಕಿರ್ತಾರೆ.

ಸೂರತ್_ಕನ್ನಡಿಗ

ಹೌದು. ಡಿ ಬೀರ್ಸ್ 2018ರಲ್ಲಿ ಲೈಟ್‌ಬಾಕ್ಸ್ ಅಂತ ಲ್ಯಾಬ್ ವಜ್ರದ ಬ್ರಾಂಡ್ ತೆಗೆದು ಕ್ಯಾರೆಟ್‌ಗೆ 800 ಡಾಲರ್ ಇಟ್ಟಾಗ ಇಲ್ಲಿ ಎಲ್ರೂ ಅಯ್ಯೋ ಇಷ್ಟು ಅಗ್ಗಾನಾ ಅಂದಿದ್ರು. ಆಮೇಲೆ ಇಲ್ಲಿನ ಹೋಲ್‌ಸೇಲ್ ಅದಕ್ಕಿಂತ ಎಷ್ಟೋ ಕೆಳಗೆ ಹೋಗಿ 2025ರಲ್ಲಿ ಅವ್ರೇ ಆ ಅಂಗಡಿ ಮುಚ್ತೀವಿ ಅಂದ್ರು. ಜಿಐಎ ಅಂತೂ 2025ರ ಅಕ್ಟೋಬರ್‌ನಿಂದ ಲ್ಯಾಬ್ ಕಲ್ಲಿಗೆ ಡಿ ಇ ಎಫ್ ಅಂತ ಕಲರ್ ಗ್ರೇಡ್ ಕೊಡೋದೇ ನಿಲ್ಸಿ ಪ್ರೀಮಿಯಂ, ಸ್ಟ್ಯಾಂಡರ್ಡ್ ಅಂತ ಎರಡೇ ಮಾಡಿದೆ.

ಗಾಂಧಿಬಜಾರ್_ಲೆಕ್ಕಪತ್ರ

ಇದೇ ನೆಪದಲ್ಲಿ ಒಂದು ಮರೆತುಹೋದ ಕತೆ. ವಜ್ರಕ್ಕೂ ಚಿನ್ನದ ತರ ಒಂದು ರೇಟ್ ಮಾಡೋಣ ಅಂತ ನಮ್ಮ ದೇಶದಲ್ಲೇ ಪ್ರಯತ್ನ ಆಗಿತ್ತು. 2017ರ ಆಗಸ್ಟ್‌ನಲ್ಲಿ ಐಸೆಕ್ಸ್ ಅನ್ನೋ ಎಕ್ಸ್‌ಚೇಂಜ್ ವಜ್ರದ ಫ್ಯೂಚರ್ಸ್ (ಮುಂದಿನ ತಾರೀಕಿಗೆ ಇವತ್ತೇ ಬೆಲೆ ಕುದುರಿಸೋ ವ್ಯಾಪಾರ) ಶುರು ಮಾಡಿತು, ಪ್ರಪಂಚದಲ್ಲೇ ಮೊದ್ಲು. ಒಂದೊಂದು ಸೆಂಟ್ ತಗೊಂಡು ಡಿಮ್ಯಾಟ್‌ನಲ್ಲಿ ಕೂಡಿಸ್ಕೊಂಡು ಒಂದು ಕ್ಯಾರೆಟ್ ಆದಾಗ ಸೂರತ್‌ನಿಂದ ಕಲ್ಲು ಬಿಡಿಸ್ಕೊಬೋದಿತ್ತು. ನಮ್ಮ ಕ್ಲೈಂಟ್ ಒಬ್ರು ಮಗಳ ಮದ್ವೆಗೆ ಅಂತ ಎಸ್‌ಐಪಿ ತರ ಕಟ್ತಿದ್ರು. ವ್ಯಾಪಾರ ಕುದುರ್ಲಿಲ್ಲ, 2022ರ ಮೇನಲ್ಲಿ ಮಾರುಕಟ್ಟೆ ನಿಯಂತ್ರಕ ಸೆಬಿ ಆ ಎಕ್ಸ್‌ಚೇಂಜ್‌ನ ಮಾನ್ಯತೆಯನ್ನೇ ವಾಪಸ್ ತಗೊಂಡ್ತು.

ಟ್ಯಾಕ್ಸ್ ಬಗ್ಗೆ ಯಾರೂ ಕೇಳ್ಲಿಲ್ಲ, ಆದ್ರೂ ಹೇಳ್ತೀನಿ ಅಭ್ಯಾಸ ಬಲ. ಬಿಡಿ ಕಲ್ಲಿಗೆ ಜಿಎಸ್‌ಟಿ 1.5 ಪರ್ಸೆಂಟ್, ಒಡವೆಯಾಗಿ ತಗೊಂಡ್ರೆ ಒಟ್ಟು ಬಿಲ್ ಮೇಲೆ 3. ಎರಡು ವರ್ಷ ಆದ್ಮೇಲೆ ಮಾರಿದ್ರೆ ಲಾಭದ ಮೇಲೆ 12.5. ವಜ್ರದಲ್ಲಿ ಆ 12.5 ಕಟ್ಟಿದ ಕ್ಲೈಂಟು ನನಗಿನ್ನೂ ಸಿಕ್ಕಿಲ್ಲ, ಸಿಕ್ಕಿದ್ರೆ ಸನ್ಮಾನ ಮಾಡ್ತೀನಿ.

ಹುಬ್ಬಳ್ಳಿ_ಮಂದಿ

ನಾ ಬ್ಯಾಂಕ್‌ನ್ಯಾಗ ಗೋಲ್ಡ್ ಲೋನ್ ಸೆಕ್ಷನ್‌ನ್ಯಾಗ ಅದೇನ್ರಿ. ಕಷ್ಟಕಾಲ ಅಂದ್ರ ನಮ್ಮ ಟೇಬಲ್ ಮುಂದ ಬಂದು ಕುಂಡ್ರೋದ ಕಷ್ಟಕಾಲ. ಮಂದಿ ಬಂಗಾರ ತರ್ತಾರ, ಅಪ್ರೈಸರ್ ತೂಗ್ತಾನ, ಅರ್ಧ ತಾಸಿನ್ಯಾಗ ಅಕೌಂಟಿಗೆ ರೊಕ್ಕ ಬೀಳ್ತದ. ಮೊನ್ನೆ ಒಬ್ಬಾಕಿ ತಾಯಿ ವಜ್ರದ ಬಳಿ ತಂದಿದ್ಲು, ಬಿಲ್ ಸೈತ ಇತ್ತು, ನಾಕ ಲಕ್ಷದ್ದು. ಅಪ್ರೈಸರ್ ಏನ್ ಮಾಡಿದ ಗೊತ್ತೇನ್ರಿ, ಕಲ್ಲಿನ ತೂಕ ಎಲ್ಲಾ ಕಳದು ಬಂಗಾರದ ತೂಕ ಅಷ್ಟ ಹಿಡದ. ಆಕಿ ಕೇಳಿದ್ಲು ಮತ್ತ ಹರಳಿಗೆ ಏನೂ ಇಲ್ಲೇನ್ರಿ ಅಂತ. ಏನ್ ಹೇಳೋದ್ರಿ, ನಮ್ಮ ಫಾರ್ಮ್‌ನ್ಯಾಗ ಹರಳಿಗೆ ಇರೋ ಕಾಲಂ ಕಳೆಯೋ ಕಾಲಂ ಒಂದ.

ಹೊಸಕೆರೆಹಳ್ಳಿ_ಹುಡ್ಗ

ಹುಬ್ಬಳ್ಳಿ ಸಾರ್, ಆ ಕೊನೇ ಸಾಲು ಹೆಂಡ್ತಿಗೆ ಓದಿ ಹೇಳ್ದೆ, ಸುಮ್ನಾದ್ಲು.

ಬಳ್ಳಾರಿ_ಬಿಸ್ಲು

ನಮ್ ಕಡೆ ಬರ್ರಿ, ಫ್ರೀ ವಜ್ರ 😄 ತಮಾಷೆ ಅಲ್ಲ. ಮುಂಗಾರು ಮೊದಲ ಮಳೆ ಬಿದ್ದ ತಕ್ಷಣ ಆಂಧ್ರದ ಜೊನ್ನಗಿರಿ, ತುಗ್ಗಲಿ, ವಜ್ರಕರೂರು ಕಡೆ ಹೊಲದಲ್ಲಿ ಜನ ಜಾತ್ರೆ. ನಮ್ಮ ಬಳ್ಳಾರಿಯಿಂದ್ಲೂ ಬುತ್ತಿ ಕಟ್ಕೊಂಡು ಹೋಗ್ತಾರೆ. ಊರ ಹೆಸರಲ್ಲೇ ವಜ್ರ ಐತಲ್ಲ, ಸುಮ್ನೆ ಇಟ್ಟಿದ್ದಲ್ಲ, ಅಲ್ಲಿ ನೆಲದಾಗೆ ವಜ್ರ ಹೊತ್ತು ತಂದ ಕಿಂಬರ್ಲೈಟ್ ಕಲ್ಲು ಐತೆ. ಬ್ರೆಜಿಲ್‌ನಲ್ಲಿ 1720ರ ದಶಕದಲ್ಲಿ ಸಿಗೋ ತನಕ ಪ್ರಪಂಚಕ್ಕೆಲ್ಲ ವಜ್ರ ಹೋಗ್ತಿದ್ದು ಹೆಚ್ಚುಕಮ್ಮಿ ನಮ್ಮ ದೇಶದಿಂದ್ಲೇ. ಹಂಪಿ ಅರಸರ ಕಾಲದಲ್ಲಿ ಇಂತಿಷ್ಟು ತೂಕ ಮೀರಿದ ಕಲ್ಲು ಸಿಕ್ರೆ ರಾಜನಿಗೇ ಸೇರ್ಬೇಕು ಅಂತ ಇತ್ತಂತೆ, ಪೋರ್ಚುಗೀಸ್ ನೂನಿಜ್ ಬರ್ದಿದಾನೆ.

ನಾನೂ ಹೋಗಿದ್ದೆ ಒಂದು ಸಲ, ಗೆಳೆಯರ ಜೊತೆ, ಮೂರು ದಿನ. ಸೊಂಟ ಬಗ್ಗಿಸಿ ಬಗ್ಗಿಸಿ ಕಡೆಗೆ ಸಿಕ್ಕಿದ್ದು ಬಿಳಿ ಬೆಣಚು ಕಲ್ಲು. ಆದ್ರೆ ಒಬ್ಬ ಹೆಂಗಸಿಗೆ ಸಿಕ್ತು ಅಂತ ಗುಲ್ಲಾಯ್ತು, ಸಾಯಂಕಾಲಕ್ಕೆಲ್ಲ ವ್ಯಾಪಾರಿಗಳು ಮನೆ ಬಾಗಿಲಿಗೆ. ಗುಟ್ಟಾಗಿ ಇಷ್ಟು ಕ್ಯಾಶು, ಜೊತೆಗೆ ಎರಡು ತೊಲ ಬಂಗಾರ ಕೊಟ್ಟು ತಗೊಂಡ್ಹೋದ್ರಂತೆ. ಆಕೆಗೆ ಅದು ದೊಡ್ಡ ದುಡ್ಡೇ, ಆದ್ರೆ ನಿಜವಾದ ಬೆಲೆ ಏನು ಅಂತ ಆಕೆಗೂ ಗೊತ್ತಿಲ್ಲ ಊರಿಗೂ ಗೊತ್ತಿಲ್ಲ. ಗಮನಿಸಿ, ವಜ್ರ ಮಾರಿದ ಹೆಂಗಸು ಕೂಡ ಕೇಳಿ ಇಸ್ಕೊಂಡಿದ್ದು ಬಂಗಾರ.

ದುಬೈ_ಕುಂದಾಪ್ರ

ನಾನು ದುಬೈಯಲ್ಲಿ ಇರೋದು, ಊರಿಗೆ ಬರುವಾಗ ಚಿನ್ನ ತರ್ತೇನೆ, ಇಲ್ಲಿ ಗೋಲ್ಡ್ ಸೂಕ್‌ನಲ್ಲಿ ರೇಟ್ ಬೋರ್ಡ್ ಮೇಲೆ ಓಡ್ತಾ ಇರ್ತದೆ, ಅದು ನೋಡಿ ಮಾತಾಡಿದ್ರೆ ಆಯ್ತು. ವಜ್ರಕ್ಕೆ ಬೋರ್ಡ್ ಉಂಟಾ ಕೇಳಿ ಮಾರಾಯ್ರೆ. ನಮ್ಮ ರೂಮಿನಲ್ಲಿ ಒಬ್ಬ ಇಲ್ಲಿ ಅಗ್ಗ ಅಂತ ಕಲ್ಲು ತಗೊಂಡ, ಮಂಗಳೂರಿನಲ್ಲಿ ಎರಡು ಅಂಗಡಿಗೆ ತೋರಿಸಿದ, ಒಬ್ಬ ಅರ್ಧ ಹೇಳಿದ, ಇನ್ನೊಬ್ಬ ಅರ್ಧದ ಅರ್ಧ ಹೇಳಿದ. ಅದೇ ಕಲ್ಲು, ಅದೇ ದಿವಸ, ನಡುವೆ ಒಂದು ಫರ್ಲಾಂಗ್ ಕೂಡ ಇಲ್ಲ.

ಹೊಸಕೆರೆಹಳ್ಳಿ_ಹುಡ್ಗ

ಅಪ್‌ಡೇಟ್. ನಿನ್ನೆ ಶನಿವಾರ ಮತ್ತೆ ಹೋದೆ ಆ ಅಂಗಡಿಗೆ. ಈ ಸಲ ಹೆಂಡ್ತೀನ ಕರ್ಕೊಂಡು ಹೋಗ್ಲಿಲ್ಲ 🙂

ಅದೇ ಹುಡ್ಗ, ಅದೇ ಕಾಫಿ. ನಾನು ನೇರ ಕೇಳ್ದೆ, "ಇವತ್ತು ತಗೊಂಡು ನಾಳೆ ಬೆಳಗ್ಗೆ ವಾಪಸ್ ತಂದ್ರೆ ಎಷ್ಟು ಕ್ಯಾಶ್ ಕೊಡ್ತೀರ?" ಅವ್ನು ನಕ್ಕು "ಯಾಕ್ ಸರ್ ಒಳ್ಳೇ ದಿನ ಅಪಶಕುನ ನುಡೀತೀರ" ಅಂದ. ಬಿಡ್ಲಿಲ್ಲ, ಮ್ಯಾನೇಜರ್ ಬಂದ್ರು. ಎಕ್ಸ್‌ಚೇಂಜ್ ಆದ್ರೆ ಕಲ್ಲಿನ ಪೂರ್ತಿ ವ್ಯಾಲ್ಯೂ, ಕ್ಯಾಶ್ ಆದ್ರೆ 80 ಪರ್ಸೆಂಟ್ ಅಂದ್ರು. ಯಾವ ರೇಟ್ ಮೇಲೆ 80 ಅಂತ ಕೇಳ್ದೆ. ಅವತ್ತಿನ ನಮ್ಮ ರೇಟ್ ಮೇಲೆ ಅಂದ್ರು. ಬರವಣಿಗೇಲಿ ಕೊಡಿ ಅಂದ್ರೆ ಬಿಲ್ ಹಿಂದುಗಡೆ ತೋರ್ಸಿದ್ರು, ಇರುವೆ ಸಾಲಿನಷ್ಟು ಸಣ್ಣ ಅಕ್ಷರ, "ಆ ಸಮಯದಲ್ಲಿ ಜಾರಿಯಲ್ಲಿರುವ ಪಾಲಿಸಿಯಂತೆ". ಅಂದ್ರೆ ಪಾಲಿಸಿ ನಾಳೆ ಬದಲಾದ್ರೆ ಮುಗೀತು.

ಸರ್ಟಿಫಿಕೇಟ್ ಫೋಟೋ ತೆಗ್ಕೊಂಡೆ, ಮನೇಲಿ ತೋರಿಸ್ಬೇಕು ಅಂತ. ಆಮೇಲೆ ಒಂದು ಕಿತಾಪತಿ ಮಾಡ್ದೆ. ಅದೇ ರೋಡಲ್ಲಿ ಇನ್ನೊಂದು ಅಂಗಡಿಗೆ ಹೋಗಿ ಇದು ನಂದು, ಮಾರ್ಬೇಕು ಅಂದೆ. ತಗೊಳಲ್ಲ ಅಂದ್ರು. ಅಲ್ಲಿಂದ ಚಿಕ್ಕಪೇಟೆ ಕಡೆ ಹೋಗಿ ಕೇಳ್ಕೊಂಡು ಕೇಳ್ಕೊಂಡು ಒಬ್ರ ಹತ್ರ ಹೋದೆ, ಫೋನ್ ಝೂಮ್ ಮಾಡಿ ಓದಿದ್ರು, ಫ್ಲೋರೆಸೆನ್ಸ್ ಸ್ಟ್ರಾಂಗ್ ಇದೆಯಲ್ಲ ಅಂತ ಗೊಣಗಿದ್ರು, ಅದೇ ಯುವಿ ಲೈಟಲ್ಲಿ ನೀಲಿ ಹೊಡಿಯೋದು, ನಂಗೆ ಅಂಗಡೀಲಿ ಅದೊಂದು ಮಾತು ಹೇಳೇ ಇರ್ಲಿಲ್ಲ. ಕಲ್ಲು ತನ್ನಿ, ನೋಡಿದ್ಮೇಲೆ ಫೈನಲ್, ಎರಡು ಮುಕ್ಕಾಲು ತನಕ ನೋಡೋಣ ಅಂದ್ರು.

5 ಲಕ್ಷ 60 ಸಾವಿರದ ಕಲ್ಲು. ಮೆಟ್ರೋದಲ್ಲಿ ನಾಲ್ಕು ಸ್ಟಾಪ್ ದೂರ ಹೋಗುವಷ್ಟರಲ್ಲಿ ಎರಡು ಮುಕ್ಕಾಲು. ಇನ್ನೂ ತಗೊಂಡೇ ಇಲ್ಲ ನಾನು!!

ಉಂಗುರ_ಸಂತ್ರಸ್ತ

ಈ ಬುದ್ಧಿ ನಂಗೆ 2016ರಲ್ಲಿ ಬರ್ಬಾರ್ದಿತ್ತಾ.

ನಗರ್ತಪೇಟೆ_ಕಸಬು

ಒಳ್ಳೇ ಕೆಲ್ಸ ಮಾಡಿದ್ರಿ. ಎರಡು ಮುಕ್ಕಾಲು ಅಂತ ಹೇಳಿದೋರೂ ಕಲ್ಲು ಕೈಗೆ ಬಂದ್ಮೇಲೆ ಎರಡೂವರೆ ಅಂತಾರೆ, ತಮಾಷೆಗೆ ಹೇಳ್ತಿಲ್ಲ. ಆ ಫ್ಲೋರೆಸೆನ್ಸ್ ವಿಷ್ಯಕ್ಕೆ ಒಂದು ಮಾತು, ಈಗ ಡಿ ಇ ಕಲರ್ ಕಲ್ಲಲ್ಲಿ ನೀಲಿ ಜಾಸ್ತಿ ಇದ್ರೆ ಬೆಲೆ ಕಮ್ಮಿ ಮಾಡ್ತಾರೆ, ಆದ್ರೆ ನಮ್ಮ ಅಜ್ಜಿ ಕಾಲದಲ್ಲಿ ಅದೇ ನೀಲಿಗೆ ಜನ ಮುಗಿಬೀಳ್ತಿದ್ರು. ಬ್ಲೂ ಜಾಗರ್ ಅಂತಿದ್ರು, ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿ ಕಲ್ಲಿಂದ ಬಂದ ಹೆಸ್ರು ಅದು. ಏಳು ಕಲ್ಲಿನ ಓಲೆ, ಬೇಸರಿ ಎಲ್ಲ ಜಾಗರ್ ಕಲ್ಲಲ್ಲೇ ಆಗ್ಬೇಕು ಅಂತ ಹಠ ಹಿಡಿಯೋರು. ಬಿಸಿಲಲ್ಲಿ ನಿಂತ್ರೆ ತಣ್ಣಗೆ ನೀಲಿ ಹೊಡಿಯುತ್ತೆ, ಏನ್ ಚೆಂದ ಗೊತ್ತಾ. ಅದೇ ಗುಣ, ಒಂದು ಕಾಲಕ್ಕೆ ಏರಿಸ್ತು ಒಂದು ಕಾಲಕ್ಕೆ ಇಳಿಸ್ತು.

ಡೆನ್ವರ್_ದೇವನಹಳ್ಳಿ

ಒಪ್ಕೊತೀನಿ, ರೀಟೇಲ್‌ನಲ್ಲಿ ತಗೊಂಡ್ರೆ ಕೆಲಸ ಇಲ್ಲ. ಆದ್ರೆ ಹೋಲ್‌ಸೇಲ್‌ನಲ್ಲಿ ತಗೊಂಡು ಹತ್ತು ವರ್ಷ...

ಸೂರತ್_ಕನ್ನಡಿಗ

ಸರ್ ಹೋಲ್‌ಸೇಲ್‌ನಲ್ಲಿ ತಗೊಂಡೋರು ನಮ್ಮ ಸೇಠ್. ಅವ್ರು ಈಗ ಸ್ಟಾಕ್ ಕರಗಿಸಿ ಜಮೀನು ತಗೊಳ್ತಿದಾರೆ.

ಹೊಸಕೆರೆಹಳ್ಳಿ_ಹುಡ್ಗ

ಸರಿ, ಮನೇಲಿ ಕೂತು ಮಾತಾಡಿ ಹಿಂಗೆ ಮಾಡಿದ್ವಿ. 4 ಲಕ್ಷ ಎಫ್‌ಡಿ, ಎರಡು ಬ್ಯಾಂಕಲ್ಲಿ. ಒಂದೂಮುಕ್ಕಾಲು ಲಕ್ಷ ಗೋಲ್ಡ್ ಇಟಿಎಫ್ (ಶೇರು ತರ ಡಿಮ್ಯಾಟ್‌ನಲ್ಲಿ ತಗೊಳೋ ಚಿನ್ನ), ಒಂದೇ ಸಲ ಅಲ್ಲ, ತಿಂಗಳಿಗೆ ಇಷ್ಟು ಅಂತ. ಸರ್ಕಾರದ ಸಾವರಿನ್ ಗೋಲ್ಡ್ ಬಾಂಡ್ ಸಿಗುತ್ತೇನೋ ಅಂತ ನೋಡಿದೆ, ಸರ್ಕಾರ 2024 ಫೆಬ್ರವರಿ ಆದ್ಮೇಲೆ ಹೊಸದು ಬಿಟ್ಟೇ ಇಲ್ಲ. ಉಳಿದಿದ್ರಲ್ಲಿ ಹೆಂಡ್ತಿಗೆ ಒಂದು ಮೂಗುತಿ, 10 ಸೆಂಟ್ ಕಲ್ಲು, ಅದನ್ನ ಖರ್ಚು ಅಂತಾನೇ ಡೈರೀಲಿ ಬರ್ದಿದೀನಿ. ನಿನ್ನೆಯಿಂದ ಕನ್ನಡಿ ಮುಂದೆ ಮೂಗು ಆ ಕಡೆ ಈ ಕಡೆ ತಿರುಗಿಸ್ಕೊಂಡು ನೋಡ್ತಾನೇ ಇದಾಳೆ. ಎಲ್ರಿಗೂ ಥ್ಯಾಂಕ್ಸ್.

ಅರಸೀಕೆರೆ_ತೆಂಗು

ನಗರ್ತಪೇಟೆಯವ್ರೇ, ವಿಷ್ಯ ಸ್ವಲ್ಪ ಬೇರೆ, ಆದ್ರೂ ಕೇಳ್ತೀನಿ. ನೀವು ಏಳು ಕಲ್ಲಿನ ಓಲೆ ಅಂದ್ರಲ್ಲ, ನಮ್ಮಜ್ಜಿದು ಒಂದು ಜೊತೆ ಇದೆ, ಅಮ್ಮನಿಗೆ ಬಂದು ಈಗ ನಂಗೆ ಬಂದಿದೆ. ಹಿಂದುಗಡೆ ಪೂರ್ತಿ ಮುಚ್ಚಿದೆ. ಎಡಗಡೆ ಓಲೇಲಿ ಒಂದು ಕಲ್ಲು ಅಲ್ಲಾಡ್ತಾ ಇದೆ. ಇಲ್ಲಿನ ಅಂಗಡೀಲಿ ತೋರ್ಸಿದ್ರೆ ಬಿಟ್ಟೋಗಿ ನಾಲ್ಕು ದಿನ ಅಂತಾರೆ, ಲ್ಯಾಬ್ ಕಲ್ಲಿನ ಕತೆ ಕೇಳಿದ್ಮೇಲೆ ಬಿಟ್ಟು ಬರೋಕೆ ಧೈರ್ಯ ಇಲ್ಲ. ಮಾರೋದಲ್ಲ, ಹಾಕ್ಕೊಳೋಕೆ. ಏನ್ ಮಾಡ್ಲಿ?

ನಗರ್ತಪೇಟೆ_ಕಸಬು

ಎಲ್ಲೂ ಬಿಟ್ಟು ಬರ್ಬೇಡಿ ಅಕ್ಕ. ಇದು ಅರ್ಧ ಗಂಟೆ ಕೆಲ್ಸ, ಕೂತ್ಕೊಂಡು ಕಣ್ಣೆದುರಿಗೇ ಮಾಡಿಸ್ಕೊಳ್ಳಿ, ಎಲ್ಲಿ ಮಾಡಿಸಿದ್ರೂ ಅಷ್ಟೇ. ಮೊದ್ಲು ಎರಡೂ ಓಲೆ ಹಿಂದೆ ಮುಂದೆ ಫೋಟೋ ತೆಗ್ದು ತೂಕ ಬರ್ಸಿಟ್ಕೊಳ್ಳಿ. ಹಿಂದೆ ಮುಚ್ಚಿರೋದು ಅಂದ್ರೆ ಕಲ್ಲಿನ ಕೆಳಗೆ ತೆಳ್ಳನೆ ಹಾಳೆ ಇರ್ಬೋದು, ಅದಕ್ಕೆ ಬಿಸಿನೀರು, ಸೋಪು, ಸೀಗೇಕಾಯಿ ಏನೂ ಬೇಡ, ನೀರು ಒಳಗೆ ಹೋದ್ರೆ ಕಲ್ಲು ಕಪ್ಪಾದಂಗೆ ಕಾಣುತ್ತೆ. ಯಾರಾದ್ರೂ ಹಿಂದೆ ಬಿಚ್ಚಿ ಹೊಸ ಡಿಸೈನ್ ಮಾಡಿಕೊಡ್ತೀನಿ ಅಂದ್ರೆ ಒಪ್ಬೇಡಿ, ಈಗ ಆ ತರ ಕಟ್ಟೋ ಕೈ ಕಮ್ಮಿ.

ಬರೋದಾದ್ರೆ ಭಾನುವಾರ ಬೇಡ, ಇಲ್ಲಿ ರಜಾ. ಹತ್ತೀಲಿ ಸುತ್ತಿ ಸಣ್ಣ ಡಬ್ಬೀಲಿ ಹಾಕ್ಕೊಂಡು ಬನ್ನಿ, ಟಿಶ್ಯೂ ಪೇಪರಲ್ಲಿ ಮಾತ್ರ ಸುತ್ತಬೇಡಿ, ಬಸ್ಸಲ್ಲಿ ಕಸ ಅಂತ ಎಸೆದುಬಂದೋರು ಇದಾರೆ.